ಕರಿಯ ಆ ಮರಿಯನ್ನು ಮುಟ್ಟಿರಲಿಲ್ಲ

ಓಬಣ್ಣ, ಕೊಂಡುಕುರಿಯ ಮರಿಯನ್ನು ಕೊಂದದ್ದು ನಿಮ್ಮ ನಾಯಿಯಲ್ಲ — ನಾನು. ಇಷ್ಟು ವರ್ಷ ಬಾಯಿಗೆ ಬಂದದ್ದನ್ನು ನುಂಗಿ ನುಂಗಿ — ಇನ್ನು ಆಗುವುದಿಲ್ಲ.

ಎಂಬತ್ತರ ದಶಕದ ಆರಂಭ. ನಾನು ಜಗಳೂರು ಕಡೆಯ ಕುರುಚಲು ಕಾಡಿಗೆ ಗಾರ್ಡ್. ನೀವು ಅದೇ ಕಾಡಂಚಿನಲ್ಲಿ ಕುರಿ ಮೇಯಿಸುತ್ತಿದ್ದಿರಿ. ಕೊಂಡುಕುರಿ ಎಣಿಸಲು ಬರುತ್ತಿದ್ದ ಸಾಹೇಬರಿಗೆ ಒಂದೂ ಕಣ್ಣಿಗೆ ಬಿದ್ದಿರಲಿಲ್ಲ. ಜಿಂಕೆಯಂಥ, ನಾಲ್ಕು ಕೊಂಬಿನ ಅದು ದಿನವೂ ಒಂದೇ ಜಾಗದಲ್ಲಿ ಹಿಕ್ಕೆ ಹಾಕುವ ಪ್ರಾಣಿ. ಹಿಕ್ಕೆಯ ಗುಡ್ಡೆ ತೋರಿಸಬಲ್ಲೆ, ಪ್ರಾಣಿಯನ್ನು ಎಲ್ಲಿಂದ ತರಲಿ? “ನಾಲ್ಕು ಕೊಂಬಿನ ಕತೆ ಕಟ್ಟುತ್ತೀಯೇನಯ್ಯಾ?” ಎಂದು ಅವರು ನಕ್ಕಿದ್ದು ನನ್ನನ್ನು ಚುಚ್ಚುತ್ತಿತ್ತು.

ಅವರು ಬರುವ ಹಿಂದಿನ ದಿನ ಹುಲ್ಲಿನಲ್ಲಿ ಮರಿಯೊಂದು ಮುದುಡಿ ಮಲಗಿತ್ತು. ತಾಯಿ ಅದನ್ನು ಅಡಗಿಸಿಟ್ಟು ಮೇಯಲು ಹೋಗಿದೆ, ಮರಳಿ ಬರುತ್ತದೆ — ಗೊತ್ತಿತ್ತು, ಓಬಣ್ಣ. ಗೊತ್ತಿದ್ದೂ ಎತ್ತಿಕೊಂಡೆ. ಸಾಹೇಬರಿಗೆ ತೋರಿಸಿ ವಾಪಸ್ ಬಿಟ್ಟರಾಯಿತು ಎಂದುಕೊಂಡೆ. ಕ್ವಾರ್ಟರ್ಸಿನಲ್ಲಿ ಹಸುವಿನ ಹಾಲು ಕುಡಿಸಿದೆ. ಭೇದಿ ಹತ್ತಿ ರಾತ್ರಿಯೇ ಸತ್ತು ಹೋಯಿತು. ನನ್ನ ಜಂಬಕ್ಕೆ ಬೆಂಕಿ ಬೀಳ!

ಕಾಡಿನ ಮರಿಯನ್ನು ಮನೆಗೆ ತಂದು ಸಾಯಿಸಿದ್ದು ತಿಳಿದರೆ ಕೆಲಸ ಹೋಗುತ್ತಿತ್ತು. ಒಯ್ದು ಪೊದೆಯಲ್ಲಿ ಎಸೆದೆ. ಬೆಳಗಾಗುವಷ್ಟರಲ್ಲಿ ನರಿ ಅದರ ಹೊಟ್ಟೆ ಬಗೆದಿತ್ತು. ನಾನು ಸಾಹೇಬರೊಂದಿಗೆ ಆ ದಾರಿಯಲ್ಲೇ ಬಂದಾಗ ನಿಮ್ಮ ಕರಿಯ ಅದನ್ನು ಮೂಸುತ್ತ ನಿಂತಿದ್ದ.

“ಯಾರ ನಾಯಿ ಇದು?” ಸಾಹೇಬರು ಕೆಂಡವಾದರು.

ನೀವು ಓಡಿ ಬಂದಿರಿ. “ನಮ್ ಕರಿಯ ಮರೀ ತಂಟೆಗೆ ಹೋಗಾಕಿಲ್ರೀ ಸಾಹೇಬ್ರ. ನಮ್ ಕುರಿಮರಿ ಅದರ ಮೈಗೆ ಒರಗಿ ಮಲಗ್ತಾವೆ...” ಆಮೇಲೆ ನನ್ನ ಕಡೆ ತಿರುಗಿ ಕೇಳಿದಿರಿ, “ನೀವು ಕಂಡ್ರೇನ್ರೀ ಗಾರ್ಡ್‌ರೇ?”

“ಕಣ್ಣಾರೆ ಕಂಡೆ,” ಎಂದೆ.

ಅಷ್ಟೇ. ನಾಯಿಯನ್ನು ಮುಗಿಸಬೇಕು, ಇಲ್ಲವಾದರೆ ಕುರಿಗಳನ್ನು ಈ ಕಡೆ ಬಿಡಕೂಡದು ಎಂದರು ಸಾಹೇಬರು. ಇನ್ನೊಬ್ಬರ ಕೈಯಲ್ಲಿ ಸಾಯುವುದು ಬೇಡ ಎಂದು ನೀವೇ ಕರಿಯನನ್ನು ಹಳ್ಳದ ಕಡೆ ಕರೆದುಕೊಂಡು ಹೋದಿರಿ. ಬಾಲ ಅಲ್ಲಾಡಿಸುತ್ತಲೇ ಹೋಯಿತು ಅದು. ನೀವು ಬರಿಗೈಯಲ್ಲಿ ಮರಳಿದಿರಿ. ಹೋಗುವಾಗಲಾದರೂ — ಕೂಗಿ ನಿಲ್ಲಿಸಬಹುದಿತ್ತು.

ಸಂಜೆ ಕ್ವಾರ್ಟರ್ಸಿಗೆ ಬಂದು ನನ್ನ ಕಾಲು ಮುಟ್ಟಿದಿರಿ. “ನನ್ ನಾಯಿಂದ ನಿಮ್ ಕೆಲಸಕ್ಕೆ ಕುತ್ತು ಬರ್ತಿತ್ತು. ತಪ್ಪಾತ್ರೀ.” ನಾನು ಕಾಲು ಹಿಂದೆಳೆದುಕೊಳ್ಳಲಿಲ್ಲ. “ಇರಲಿ ಬಿಡು,” ಎಂದೆ. ಥೂ! ನಾನು ನಿಮ್ಮನ್ನು ಕ್ಷಮಿಸಿದೆ, ಓಬಣ್ಣ — ನಾನು, ನಿಮ್ಮನ್ನು.

ನಿವೃತ್ತನಾಗಿ ನ್ಯಾಮತಿಯಲ್ಲಿದ್ದೇನೆ. ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನಾಳೆ ಬಸ್ಸು ಹತ್ತುತ್ತೇನೆ. ನಿಮ್ಮ ಮಕ್ಕಳು ಮೊಮ್ಮಕ್ಕಳ ಎದುರಿಗೇ ಇದನ್ನೆಲ್ಲ ಹೇಳುತ್ತೇನೆ. ಬೈಯಿರಿ, ಬಾಗಿಲು ಹಾಕಿಕೊಳ್ಳಿ, ಏನು ಬೇಕಾದರೂ ಮಾಡಿ. “ಇರಲಿ ಬಿಡ್ರಿ” ಎಂದು ಮಾತ್ರ ಅನ್ನಬೇಡಿ.