ಮುಚ್ಚಳ ಬೀಳದ ಟ್ರಂಕು

ನಮ್ಮ ಮನೆಯ ಟ್ರಂಕಿನ ಮುಚ್ಚಳ ಪೂರ್ತಿ ಬೀಳುವುದಿಲ್ಲ. ಏನೋ ಹೇಳಲು ಬಾಯಿ ತೆರೆದು ಮಾತು ಮರೆತವರಂತೆ, ನಾಲ್ಕು ಬೆರಳಿನ ಸಂದಿ ಬಿಟ್ಟು ನಿಂತುಬಿಡುತ್ತದೆ. ಒಳಗಿರುವುದು ಬಂಗಾರವಲ್ಲ, ಕುಬಸದ ಖಣಗಳು, ಅಂದರೆ ಹೊಲಿಸದ ರವಿಕೆ ಬಟ್ಟೆಗಳು. ನಮ್ಮ ಗದಗ-ಬೆಟಗೇರಿಯಲ್ಲಿ ಮನೆಗೆ ಬಂದ ಹೆಣ್ಣುಮಗಳನ್ನು ಖಣವಿಟ್ಟು ಉಡಿ ತುಂಬದೆ ಕಳಿಸುವುದುಂಟೆ? ಪಡೆದವರು ಅದನ್ನು ಹೊಲಿಸುವುದಿಲ್ಲ, ಇನ್ನೊಬ್ಬರ ಉಡಿಗೆ ದಾಟಿಸುತ್ತಾರೆ. ಸೂಜಿಯ ಮುಖವನ್ನೇ ಕಾಣದೆ ಊರೂರು ಸಂಚರಿಸುವ ಈ ವಸ್ತ್ರಗಳ ವೈರಾಗ್ಯಕ್ಕೆ ನಾನು ಎಷ್ಟೋ ಮಧ್ಯಾಹ್ನ ಮನದಲ್ಲೇ ಕೈಮುಗಿದಿದ್ದೇನೆ.

ಇಪ್ಪತ್ತನೇ ತಾರೀಖಿಗೇ ಸಂಬಳ ಅಂತರ್ಧಾನವಾಗುವ ಮಾಯೆಯನ್ನು ಭೇದಿಸಲೆಂದು ಹೋದ ವರ್ಷ ನಾನೊಂದು ಡೈರಿ ತಂದು, ‘ಅನವಶ್ಯಕ ವೆಚ್ಚ’ ಎಂದು ದುಂಡಗೆ ಬರೆದೆ. ಅದರ ಕೆಳಗೆ ನನ್ನ ಸಂಜೆಯ ಮಿರ್ಚಿ-ಚುರಮುರಿಯನ್ನು ಸೇರಿಸಲು ಕೈ ಬರದೆ, ‘ಖಣ ಖರೀದಿ’ ಎಂದು ಸೇರಿಸಿದೆ. ಗಂಡಸಿನ ಮಿತವ್ಯಯ ಹೆಂಡತಿಯ ಖರ್ಚಿನಿಂದಲೇ ಆರಂಭವಾಗುತ್ತದೆಂಬುದು ನಿಮಗೂ ಗೊತ್ತಿರಬೇಕು.

ಅದೇ ವಾರ ಹೆಂಡತಿ ಮುಂಡರಗಿಯ ತವರಿಗೆ ಹೋಗಿದ್ದಾಗ ಶಿರಹಟ್ಟಿಯಿಂದ ನನ್ನ ಚಿಗವ್ವ ಬಂದಳು. ಉಡಿ ತುಂಬುವುದು ಹೆಂಗಸರ ಕೆಲಸವಾದ್ದರಿಂದ ಪಕ್ಕದ ಮನೆಯಾಕೆಯನ್ನು ಕರೆದೆ. ಹೊಸ ಖಣಗಳು ಉಳಿಯಲಿ ಎಂಬ ಜಾಣತನದಿಂದ, ಟ್ರಂಕಿನ ತಳದಲ್ಲಿದ್ದ ಹಳೆಯ ನೀಲಿ ಖಣವನ್ನು ಎಳೆದು ಕೊಟ್ಟೆ. ಮೊದಲ ಉಳಿತಾಯವನ್ನು ಡೈರಿಯಲ್ಲಿ ಬರೆದು ಸುಖವಾಗಿ ಮಲಗಿದೆ.

ಮರಳಿ ಬಂದ ಹೆಂಡತಿ ಒಂದು ತಿಂಗಳ ಮೇಲೆ ಟ್ರಂಕಿನ ತಳ ತಡವಿ, ಅಲ್ಲೇ ಕುಳಿತಳು.

‘ಅದು ನಮ್ಮವ್ವ ಕಡೀ ಸಲ ಉಡಿ ತುಂಬಿದ್ದ ಖಣರೀ.’

ನಮ್ಮತ್ತೆ ತೀರಿಕೊಂಡು ಮೂರು ವರ್ಷವಾಗಿತ್ತು. ಹೆಂಡತಿ ಅಳಲಿಲ್ಲ, ಬಯ್ಯಲೂ ಇಲ್ಲ. ನನಗೆ ಅದನ್ನೇ ತಡೆದುಕೊಳ್ಳಲಾಗಲಿಲ್ಲ. ಎಷ್ಟೇ ಖರ್ಚಾಗಲಿ, ಆ ಖಣ ತಂದುಕೊಡಬೇಕೆಂದು ಭಾನುವಾರ ಶಿರಹಟ್ಟಿಯ ಬಸ್ಸು ಹತ್ತಿದೆ.

‘ಅಯ್ಯ, ಅದನ್ನ ಲಕ್ಷ್ಮೇಶ್ವರದ ಬೀಗತಿಗೆ ಕೊಟ್ಟೆನಲ್ಲೋ!’ ಎಂದಳು ಚಿಗವ್ವ. ಲಕ್ಷ್ಮೇಶ್ವರಕ್ಕೆ ಹೋದರೆ, ಬೀಗತಿ ಅದನ್ನು ಅಂತೂರ ಬೆಂತೂರ ಎಂಬ ಹಳ್ಳಿಯಲ್ಲಿದ್ದ ತನ್ನ ತಂಗಿಯ ಮಗಳಿಗೆ ದಾಟಿಸಿದ್ದಳು. ಹೆಂಗಸರ ಮಡಿಲಲ್ಲಿ ಬಿಟ್ಟಿಯಾಗಿ ಪಯಣಿಸಿದ ಖಣವನ್ನು ನಾನು ಟಿಕೇಟು ತೆಗೆಸಿ ಬೆನ್ನಟ್ಟಿದ್ದೆ. ಕಿಟಕಿಯಾಚೆ ದೂರದ ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳು ನಿದ್ದೆಗಣ್ಣಿನಲ್ಲಿ ತಿರುಗುತ್ತಿದ್ದವು. ಆ ನೀಲಿ ಬಟ್ಟೆಯೂ ಈ ಎರೆಹೊಲಗಳನ್ನು ನೋಡುತ್ತ, ಬಹುಶಃ ಇದೇ ಸೀಟಿನಲ್ಲಿ ಹೋಗಿರಬೇಕು ಎನ್ನಿಸಿ, ನಾನೇ ಯಾರದೋ ಉಡಿಯಲ್ಲಿ ಕುಳಿತು ತೂಗಿದಂತಾಯಿತು. ನನ್ನ ಚೀಲದಲ್ಲಿ ಆಗಲೇ ಎರಡು ಹೊಸ ಖಣಗಳಿದ್ದವು. ಎರಡೂ ಮನೆಯವರು ಹೆಂಡತಿಗೆಂದು ಕೊಟ್ಟಿದ್ದರು.

ಅಂತೂರ ಬೆಂತೂರದಲ್ಲಿ ಆ ಹುಡುಗಿ ಅಂಗಳದಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ಖಣ ಅವಳ ಮೈಮೇಲಿತ್ತು!

‘ಭಾಳ ಛಲೋ ಖಣ ಬಂತ್ರಿ ಕಾಕಾ. ಇಡಾಕ ಮನಸಾಗಲಿಲ್ಲ, ಹೊಲಿಸಿಬಿಟ್ಟೆ.’

ಬಂದ ಕಾರಣ ಹೇಳಲು ಬಾಯಿ ಬರಲಿಲ್ಲ. ಚಹಾ ಕುಡಿದು, ಮೂರನೆಯ ಖಣವನ್ನು ಹಿಡಿದು ಮನೆಗೆ ಬಂದು, ಹೆಂಡತಿಯೆದುರು ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಮೂರೂ ಖಣಗಳನ್ನು ಮಡಚಿಟ್ಟು ಕೇಳಿದಳು.

‘ಒಪ್ಪಿತ್ತೇನ್ರಿ ಆಕಿಗೆ?’

‘ಭಾಳ ಒಪ್ಪಿತ್ತು.’

‘ನಮ್ಮವ್ವನೂ ಹೊಲಿಸ್ಕೋ ಅಂತನ ಕೊಟ್ಟಿದ್ಲು. ಛಲೋದೈತಿ, ಇರಲಿ ಅಂತ ನಾನ ಇಟ್ಟಿದ್ದೆ,’ ಎಂದವಳು ಆಗ ಅತ್ತಳು.

ಮರುದಿನ ಅವಳು ಒಂದು ಕಂತೆ ಖಣಗಳನ್ನು ದರ್ಜಿಗೆ ಕೊಟ್ಟು ಬಂದಳು. ಹೊಲಿಗೆಯ ಕೂಲಿಯನ್ನು ಯಾವ ತಲೆಬರಹದಡಿ ಬರೆಯುವುದೆಂದು ನಾನು ಪೆನ್ನು ಹಿಡಿದು ಯೋಚಿಸಿ, ಕೊನೆಗೆ ಡೈರಿ ಮುಚ್ಚಿದೆ. ಟ್ರಂಕಿನ ಮುಚ್ಚಳ ಈಗ ಎರಡು ಬೆರಳಷ್ಟು ಕೆಳಗಿಳಿದಿದೆ. ತಳದಲ್ಲಿ ಆ ನೀಲಿ ಖಣವಿದ್ದ ಜಾಗದಲ್ಲಿ ಮಾತ್ರ ಅವಳು ಇನ್ನೂ ಏನನ್ನೂ ಇಟ್ಟಿಲ್ಲ.