ಮಗ್ಗದ ಗುಂಡಿಯ ಪೈಲಟ್

ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಸಂಜೆ ಯಾರಾದರೂ ಸಮುದ್ರವನ್ನು ಬೈಯುತ್ತಿದ್ದರೆ, ನೇಕಾರ ದೇವಣ್ಣ ಕಂಪ್ಯೂಟರ್ ಆಟದಲ್ಲಿ ನಡುಗಡಲ ಹಡಗಿನ ಮೇಲೆ ಯುದ್ಧವಿಮಾನ ಇಳಿಸುತ್ತಿದ್ದಾನೆ ಎಂದೇ ಅರ್ಥ. ಕೈಮಗ್ಗ ಮಾರಿದ ಮೇಲೂ ಅದರ ತುಳಿಹಲಗೆಗಳಿದ್ದ ನೆಲದ ಗುಂಡಿಯಲ್ಲೇ ಕಾಲು ಇಳಿಬಿಟ್ಟು ಕೂರುತ್ತಾನೆ. ಹಡಗಿನ ಪಕ್ಕ ಸುತ್ತು ಹಾಕಿ, ವೇಗಕ್ಕೆಂದು ಹಿಂದಕ್ಕೆ ಸರಿಸಿದ್ದ ರೆಕ್ಕೆ ಅಗಲಿಸಿ, ಹಡಗಿನ ತಡೆತಂತಿಗೆ ಸಿಕ್ಕಿಸಲು ಬಾಲದ ಕೊಕ್ಕೆ ಇಳಿಸಿ, "ಯಾರೂ ಉಸ್ರು ಬುಡ್ಬ್ಯಾಡಿ!" ಎಂದು ಪಕ್ಕದ ಮನೆಯ ನಮಗೂ ಗದರುತ್ತಾನೆ. ಅಷ್ಟರಲ್ಲಿ ಅವನ ಕಾಲು ಹಳೆಯ ಲಯ ಹಿಡಿದು, ಮಗ್ಗ ತುಳಿದಂತೆ ಗುಂಡಿಯಲ್ಲಿಟ್ಟ ಆಟದ ಪೆಡಲ್‌ಗಳನ್ನು ಎಡಬಲ ತುಳಿಯುತ್ತದೆ. ವಿಮಾನ ಓಲಾಡಿ ನೀರಿಗೆ ಬೀಳುತ್ತದೆ. ಬೈಗುಳ ಸಮುದ್ರಕ್ಕೆ, ಹಡಗಿಗೆ, ಕರೆಂಟಿಗೆ, ಹೆಂಡತಿ ಶಿವನಂಜಮ್ಮನಿಗೆ. ನಿನ್ನೆ ಆಕೆಯೂ ರೇಗಿದಳು: "ಆ ಗುಂಡಿ ಮುಚ್ಸಿ, ಕುರ್ಚಿ ಆಕಂಡು ಕೂತ್ಕಳಿ. ಆಗ ನೆಟ್ಟಗೆ ಇಳೀತದೆ." ದೇವಣ್ಣ ಕೂಗಿದ ಕೂಗಿಗೆ ಬೀದಿಯೇ ನಿಂತಿತು: "ಮುಚ್ಬುಟ್ರೆ ನನ್ ಕಾಲ್ನ ಎಲ್ಲಿಡ್ಲಮ್ಮಿ?"