ಟ್ರ್ಯಾಕ್ಟರ್ ಹತ್ತಿದ ಗಂಡ

ಟೈಲರಕ್ಕ ಶ್ರಮದಾನಕ್ಕೆ ಹೊರಟಳು ಅಂದಾಗ ಬೀದಿಯವರೆಲ್ಲ ನಕ್ಕರು. ಜೀವಮಾನವಿಡೀ ಹೊಲಿಗೆ ಮಿಷನ್ನಿನ ಮುಂದೆ ಕೂತವಳು, ಮಂಡಿನೋವಿನವಳು, ಹೂಕುಂಡದ ಮಣ್ಣು ಮುಟ್ಟಿದರೂ ಮತ್ತೆ ಮತ್ತೆ ಕೈ ತೊಳೆಯುವವಳು. ಇವಳಿಗೆ ಬೇಸಿಗೆಯ ಬಿಸಿಲಲ್ಲಿ ಕಳೆ ಕೀಳುವ ಉಸಾಬರಿ ಯಾಕೆ?

"ಮನೇಲಿ ಕೂತು ಕೂತು ಮೈ ಜಡ್ಡುಗಟ್ಟಿದೆ ಕಣ್ರೀ. ಇವ್ರನ್ನೂ ಕರ್ಕೊಂಡು ಹೋಗ್ತೀನಿ" ಎಂದು ಅವಳೂ ನಕ್ಕಳು. ನಿಜವಾದ ಕಾರಣ ಬೇರೆಯೇ ಇತ್ತು.

ಅವಳ ಗಂಡ ಸಿಟಿ ಬಸ್ಸಿನ ಡ್ರೈವರಾಗಿದ್ದು ನಿವೃತ್ತನಾದವನು. ಕಳೆದ ಚಳಿಗಾಲದಿಂದ ಅವನಿಗೆ ಮರೆವು ಅಂಟಿಕೊಂಡಿತ್ತು. ಮೊದಮೊದಲು ಕನ್ನಡಕ, ಆಮೇಲೆ ಮಗಳ ಮನೆಯ ದಾರಿ, ಕೊನೆಗೆ ತಾನು ನಿವೃತ್ತನಾಗಿದ್ದೇ ಮರೆತುಹೋಯಿತು. ಬೆಳಗಾಗುತ್ತಲೇ ಶರಟು ತೊಟ್ಟು, ತಲೆ ಬಾಚಿ ಡಿಪೋಗೆ ಹೊರಟುಬಿಡುವನು. ಅವಳು ಬಾಗಿಲಿಗೆ ಬೀಗ ಹಾಕತೊಡಗಿದಳು. "ನಾಲ್ಕು ಜನರ ಮಧ್ಯೆ ಇರ್ಲಿ, ಕೈಗೊಂದು ಕೆಲಸ ಇರ್ಲಿ" ಎಂದಿದ್ದರು ಡಾಕ್ಟರು. ಬೀಗ ಹಾಕಿದ ಮನೆಗೆ ನಾಲ್ಕು ಜನರನ್ನು ಎಲ್ಲಿಂದ ತರುವುದು? ಆಗಲೇ ಸಮುದಾಯ ತೋಟದ ಬೇಸಿಗೆ ಶಿಬಿರದ ಸುದ್ದಿ ಅವಳ ಕಿವಿಗೆ ಬಿದ್ದದ್ದು.

ಮುಚ್ಚಿಹೋದ ಗಿರಣಿಯ ಹಿಂದಿನ ಬಯಲಲ್ಲಿ ಬಡಾವಣೆಯವರೆಲ್ಲ ಸೇರಿ ಬೆಳೆದು ಹಂಚಿಕೊಳ್ಳುವ ತೋಟ ಅದು. ನೋಡಿಕೊಳ್ಳುವವಳು ಗಟ್ಟಿ ದನಿಯ ಒಬ್ಬ ಹೆಂಗಸು. ಎಲ್ಲರ ಬಾಯಲ್ಲೂ ತೋಟದಕ್ಕ. ಮೊದಲ ದಿನವೇ ಅವಳು ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದಳು: "ಯಾರಿಗಾದ್ರೂ ಕಾಯಿಲೆ ಕಸಾಲೆ ಇದ್ರೆ ಈಗ್ಲೇ ಹೇಳ್ಬಿಡಿ. ಕುಡುಗೋಲು, ಗುದ್ದಲಿ ಹಿಡಿಯೋ ಕೆಲಸ ಇದು."

"ಇವ್ರಿಗೆ ಸ್ವಲ್ಪ ಬೀಪಿ, ಅಷ್ಟೇ" ಎಂದಳು ಟೈಲರಕ್ಕ.

ಅಂದಿನಿಂದ ಮಡಿಲಲ್ಲಿ ಕೆಂಡ ಕಟ್ಟಿಕೊಂಡೇ ಅವಳು ಕಳೆ ಕಿತ್ತಳು. ಗಂಡ ಟೊಮೆಟೊ ಗಿಡಗಳನ್ನು ಕೋಲಿಗೆ ಕಟ್ಟುತ್ತ ತನ್ನಷ್ಟಕ್ಕೆ ಇರುತ್ತಿದ್ದ. ಯಾರಾದರೂ ಅವನ ಹತ್ತಿರ ಹೋದರೆ ಸಾಕು, ಅವಳು ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿಬರುವಳು. ಕೇಳಿದ್ದು ಅವನನ್ನು, ಉತ್ತರ ಇವಳದು. ಶಿಬಿರಕ್ಕೆ ಬಂದಿದ್ದ ಪೋಸ್ಟ್‌ಮ್ಯಾನ್ ಒಮ್ಮೆ ಛೇಡಿಸಿದ: "ಅಕ್ಕಾ, ಯಜಮಾನ್ರ ಬಾಯಿಗೂ ನೀವೇ ಗುಂಡಿ ಹೊಲಿದುಬಿಟ್ಟಿದ್ದೀರಾ ಹೇಗೆ?" ಎಲ್ಲರೂ ಗೊಳ್ಳೆಂದು ನಕ್ಕರು. ಗಂಡನೂ ನಕ್ಕ. ಅವಳು ಮಾತ್ರ ತಲೆ ತಗ್ಗಿಸಿ ಕಳೆ ಕೀಳತೊಡಗಿದಳು.

ಒಂದು ಮಧ್ಯಾಹ್ನ ಅವಳು ಕೈ ತೊಳೆಯಲು ನಲ್ಲಿಯ ಹತ್ತಿರ ಹೋಗಿದ್ದಳು. ಗೊಬ್ಬರ ತುಂಬಿದ ಟ್ರೈಲರಿನ ಮೇಲೆ ಪೋಸ್ಟ್‌ಮ್ಯಾನ್ ಮತ್ತು ಕಾಲೇಜಿನ ಹುಡುಗಿಯೊಬ್ಬಳು ಕೂತಿದ್ದರು. ಟ್ರ್ಯಾಕ್ಟರ್ ಓಡಿಸುವವನು ಕೀಲಿಯನ್ನು ಅದರಲ್ಲೇ ಬಿಟ್ಟು ಗೇಟು ತೆಗೆಯಲು ಇಳಿದಿದ್ದ. ಎಂಜಿನ್ ಗುಡುಗಿದ ಸದ್ದಿಗೆ ಟೈಲರಕ್ಕ ತಿರುಗಿ ನೋಡಿದಳು. ಸೀಟಿನ ಮೇಲೆ ಅವಳ ಗಂಡ!

ಗೇಟಿನ ಕಡೆಗಲ್ಲ, ಬಂಡಿ ಇಳಿಜಾರಿನ ಕಡೆಗೆ ಹೊರಟಿತ್ತು. ಇಳಿಜಾರಿನ ತುದಿಯಲ್ಲಿ ನೀರಾವರಿಯ ಕೊಳ. ಮಂಡಿನೋವು ಎಲ್ಲಿ ಹೋಯಿತೋ, ಬದನೆ ಸಾಲುಗಳನ್ನು ತುಳಿದುಕೊಂಡೇ ಓಡಿದಳು.

"ರೀ, ನಿಲ್ಸ್ರೀ! ನಿಮಗೆ ಕೈ ಮುಗೀತೀನಿ, ನಿಲ್ಸ್ರೀ!"

ಅವನಿಗೆ ಕೇಳಿಸಲಿಲ್ಲ. ಬೆನ್ನು ನೆಟ್ಟಗಾಗಿತ್ತು, ಕಣ್ಣು ದಾರಿಯ ಮೇಲಿತ್ತು. ಎಷ್ಟೋ ತಿಂಗಳಿಂದ ಕಾಣದಿದ್ದ ಕಳೆ ಆ ಮುಖದಲ್ಲಿ. ಆ ಭಯದಲ್ಲೂ ಅವಳು ಅದನ್ನು ಕಂಡಳು. ಮೇಲೆ ಹುಡುಗಿ ಚೀರುತ್ತಿದ್ದಳು. ಟೈಲರಕ್ಕ ಟ್ರೈಲರಿನ ಪಕ್ಕಕ್ಕೆ ಬಂದವಳೇ ತಗಡಿಗೆ ಅಂಗೈಯಿಂದ ದಬದಬ ಬಡಿದಳು. ಯಾವ ದೇವರು ನುಡಿಸಿದನೋ, ಕಂಡಕ್ಟರನ ದನಿಯಲ್ಲಿ ಕೂಗಿದಳು: "ಹೋಲ್ಡಾನ್! ಹೋಲ್ಡಾನ್! ಇಳಿಯೋರಿದಾರೆ!"

ಬ್ರೇಕು ಬಿತ್ತು. ಕೊಳದ ದಂಡೆಯ ಕಲ್ಲುಗಳ ಹತ್ತಿರವೇ ಬಂಡಿ ನಿಂತಿತು.

"ಬೇಗ ಇಳೀರಪ್ಪಾ, ಲೇಟಾಗ್ತಿದೆ" ಎಂದ ಗಂಡ, ಹಿಂದೆ ತಿರುಗದೆ.

ತೋಟದಕ್ಕ ಓಡಿಬಂದು ಕೀಲಿ ಕಿತ್ತುಕೊಂಡಳು. "ಬೀಪಿ ಅಂದ್ರಲ್ಲಾ! ಆ ಹುಡುಗಿ ನೀರಿಗೆ ಬಿದ್ದಿದ್ರೆ ಯಾರು ಹೊಣೆ?"

ಟೈಲರಕ್ಕ ನೆಲದ ಮೇಲೆ ಕುಸಿದು ಕೂತಳು. "ನಿಜ ಹೇಳಿದ್ರೆ ಸೇರಿಸ್ಕೊಳ್ತಿದ್ರಾ? ಮನೇಲಿ ಇವ್ರನ್ನ ಕೂಡಿಹಾಕ್ತೀನಿ ಅಕ್ಕಾ. ಬಾಗಿಲು ಬಡೀತಾ ಇರ್ತಾರೆ, ನಾನು ಒಳಗೆ ಮಿಷನ್ ತುಳೀತಾ ಇರ್ತೀನಿ, ಆ ಸದ್ದು ಕೇಳ್ಬಾರ್ದು ಅಂತ."

ತೋಟದಕ್ಕ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಹುಡುಗಿ ಬಿಕ್ಕುತ್ತಲೇ ಇದ್ದಳು. ಅವತ್ತೇ ಸಂಜೆ ಅವಳ ತಂದೆ ಬಂದು ಅವಳನ್ನು ಕರೆದುಕೊಂಡು ಹೋದರು, ಟೈಲರಕ್ಕನ ಮುಖ ಕೂಡ ನೋಡದೆ. ಇನ್ನು ಇಲ್ಲಿಗೆ ಬರುವುದಿಲ್ಲವೆಂದು ಚೀಲ ತುಂಬಿಕೊಳ್ಳುತ್ತಿದ್ದ ಇವಳ ಬಳಿಗೆ ಬಂದವನು ಪೋಸ್ಟ್‌ಮ್ಯಾನ್.

"ಎಲ್ರೂ ಮಾತಾಡ್ಕೊಂಡ್ವಿ. ತೋಟದಕ್ಕ ಒಪ್ಪೋಕೆ ಹೊತ್ತು ಹಿಡೀತು. ಟ್ರ್ಯಾಕ್ಟರ್ ಕಡೆ ಅವ್ರು ಹೋಗೋ ಹಾಗಿಲ್ಲ, ಕುಡುಗೋಲು ಕೊಡಲ್ಲ. ನಾವು ಸರದಿ ಮೇಲೆ ಅವ್ರ ಜೊತೆ ಇರ್ತೀವಿ. ನಾಳೆ ನಾನು."

"ನಿಮಗೆ ಭಯ ಆಗಲ್ವಾ?"

"ಆಗುತ್ತೆ. ಕಾಲು ಇನ್ನೂ ನಡುಗ್ತಿದೆ ನೋಡಿ."

ಮರುದಿನ ಟೈಲರಕ್ಕ ತೋಟದ ಆಚೆ ತುದಿಯ ಹುರುಳಿಕಾಯಿ ಸಾಲಿಗೆ ಒಬ್ಬಳೇ ಹೋದಳು. ಕೈ ಮಣ್ಣಿನಲ್ಲಿ, ಕಿವಿ ಗಂಡನ ಕಡೆ. ರಸ್ತೆಯಲ್ಲಿ ಯಾವ ಗಾಡಿ ಹೋದರೂ ಎದ್ದು ನಿಲ್ಲುವಳು. ಊಟದ ನಂತರ ಮರದಡಿ ಗಂಡನ ಪಕ್ಕ ಒರಗಿದವಳಿಗೆ ಗೊತ್ತಿಲ್ಲದೆಯೇ ನಿದ್ದೆ ಹತ್ತಿತು. ಎಚ್ಚರವಾದಾಗ ಪಕ್ಕದಲ್ಲಿ ಗಂಡನಿಲ್ಲ. ಚಪ್ಪಲಿ ಮೆಟ್ಟದೆ ಓಡಿದಳು.

ಶೆಡ್ಡಿನ ನೆರಳಲ್ಲಿ ಅವನು ಪೋಸ್ಟ್‌ಮ್ಯಾನ್‌ಗೆ ಬಸ್ಸಿನ ಯಾವುದೋ ಕಥೆ ಹೇಳುತ್ತ ನೀರಿನ ಪೈಪು ಸುತ್ತುತ್ತಿದ್ದ. ಊರಿನ ಹೆಸರು ತಪ್ಪು, ವರ್ಷ ತಪ್ಪು. ತಿದ್ದಲು ಅವಳ ಬಾಯಿ ತೆರೆಯಿತು. ಆದರೆ ಪೋಸ್ಟ್‌ಮ್ಯಾನ್ "ಆಮೇಲೆ?" ಎಂದು ಕೇಳುತ್ತಿದ್ದ. ಅವಳು ಮೆಲ್ಲನೆ ಹಿಂದಕ್ಕೆ ಸರಿದು, ಸುಡುವ ನೆಲದ ಮೇಲೆ ಬರಿಗಾಲಲ್ಲಿ ತನ್ನ ಸಾಲಿಗೆ ವಾಪಸು ನಡೆದಳು.